ಜೂಲಿಯಾ ಮಾರ್ಗನ್ ಮತ್ತು ಗೋಡೆಯೊಳಗಿನ ಕಬ್ಬಿಣ

ಬಳ್ಳಾರಿಯಲ್ಲಿ ಕಟ್ಟಡದ ಕೆಲಸ ನಡೆಯುವ ಯಾವ ಜಾಗಕ್ಕೆ ಹೋದರೂ ಹೆಂಗಸರು ಇದ್ದೇ ಇರುತ್ತಾರೆ. ಜಲ್ಲಿ ಹೊರುವವರು, ಬಾಂಡ್ಲಿಯಲ್ಲಿ ಗಾರೆ ಎತ್ತಿಕೊಡುವವರು, ಸ್ಲ್ಯಾಬ್ ಹಾಕಿದ ಮರುದಿನದಿಂದ ಅದರ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವವರು ಬಹುಪಾಲು ಅವರೇ. ಅಲ್ಲಿ ಅಪರೂಪಕ್ಕೆ ಕಾಣುವವಳು ಎಂದರೆ, ನಕ್ಷೆಯನ್ನು ಕೈಯಲ್ಲಿ ಹಿಡಿದು, ಈ ಕಂಬಕ್ಕೆ ಇಷ್ಟು ದಪ್ಪದ ಸರಳು ಬರಬೇಕು ಎಂದು ಹೇಳುವ ಹೆಂಗಸು. ಸಿವಿಲ್ ಇಂಜಿನಿಯರಿಂಗ್ ಓದುವ ಹೆಣ್ಣುಮಕ್ಕಳ ಸಂಖ್ಯೆ ನಮ್ಮ ಭಾಗದಲ್ಲಿ ಕಡಿಮೆಯೇನಿಲ್ಲ. ಆದರೆ ಓದು ಮುಗಿದ ಮೇಲೆ ಅವರಲ್ಲಿ ಹಲವರು ಕಂಪ್ಯೂಟರ್ ಮುಂದೆ ನಕ್ಷೆ ಬಿಡಿಸುವ ಕೆಲಸಕ್ಕೋ, ಪಾಠ ಹೇಳುವ ಕೆಲಸಕ್ಕೋ ಹೋಗುತ್ತಾರೆ, ಸೈಟಿಗೆ ಬರುವುದಿಲ್ಲ. ನಾನು ಇದೇ ಊರಿನಲ್ಲಿ ಮನೆಗಳ ನಕ್ಷೆ ಮತ್ತು ಮೇಲ್ವಿಚಾರಣೆಯ ಕೆಲಸ ಮಾಡುವವಳಾದ್ದರಿಂದ, ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಕ್ಯಾಲಿಫೋರ್ನಿಯಾದಲ್ಲಿ ಈ ಕೆಲಸವನ್ನು ತುದಿಯಿಂದ ಬುಡದವರೆಗೆ ತಾನೇ ನಿಂತು ಮಾಡಿಸಿದ ಜೂಲಿಯಾ ಮಾರ್ಗನ್ ಅವರ ಓದು ಮತ್ತು ವೃತ್ತಿಯ ಬಗ್ಗೆ ವಿವರವಾಗಿ ಬರೆಯಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು.

ಅವರ ಹೆಸರು ಬಂದಾಗಲೆಲ್ಲ ಎರಡು ಸಂಗತಿಗಳು ಮುಂದೆ ಬರುತ್ತವೆ. ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್ ಎಂಬ ಕಲಾಶಾಲೆಯಿಂದ ವಾಸ್ತುಶಿಲ್ಪದ ಪ್ರಮಾಣಪತ್ರ ಪಡೆದ ಮೊದಲ ಮಹಿಳೆ ಅವರು ಎಂಬುದು ಒಂದು; ಪತ್ರಿಕೆಗಳ ಒಡೆಯನಾದ ವಿಲಿಯಂ ರಾಂಡಾಲ್ಫ್ ಹರ್ಸ್ಟ್‌ಗೆ ಬೆಟ್ಟದ ಮೇಲೆ ಅರಮನೆಯಂಥ ಮನೆ ಕಟ್ಟಿಕೊಟ್ಟವರು ಎಂಬುದು ಇನ್ನೊಂದು. ಎರಡೂ ನಿಜ, ಎರಡೂ ದೊಡ್ಡ ಸಾಧನೆಗಳೇ. ಆದರೂ ಅವರ ವೃತ್ತಿಯ ಬೇರು ಇರುವುದು ಪ್ಯಾರಿಸ್ಸಿಗೂ ಮೊದಲು ಅವರು ಓದಿದ ಸಿವಿಲ್ ಇಂಜಿನಿಯರಿಂಗ್‌ನಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಜೀವನಚರಿತ್ರೆಗಳಲ್ಲಿ ಒಂದೆರಡು ಸಾಲಿನಲ್ಲಿ ಮುಗಿದುಹೋಗುವ ಆ ಓದು ಇಲ್ಲದಿದ್ದರೆ, ಅವರ ಮುಂದಿನ ಐವತ್ತು ವರ್ಷಗಳ ಕೆಲಸ ಹಾಗೆ ಇರುತ್ತಿರಲಿಲ್ಲ.

ಜೂಲಿಯಾ ಹುಟ್ಟಿದ್ದು 1872ರ ಜನವರಿ 20ರಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಬೆಳೆದದ್ದು ಕೊಲ್ಲಿಯ ಆಚೆ ದಡದ ಓಕ್‌ಲ್ಯಾಂಡ್‌ನಲ್ಲಿ. ತಾಯಿಯ ತವರಿನವರು ಸ್ಥಿತಿವಂತರು, ಮಗಳ ಓದಿಗೆ ಮನೆಯಲ್ಲಿ ಅಡ್ಡಿ ಇರಲಿಲ್ಲ. ಬರ್ಕ್‌ಲಿಯಲ್ಲಿದ್ದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆಗ ವಾಸ್ತುಶಿಲ್ಪದ ವಿಭಾಗವೇ ಇರಲಿಲ್ಲವಾದ್ದರಿಂದ ಅವರು ಸಿವಿಲ್ ಇಂಜಿನಿಯರಿಂಗ್‌ಗೆ ಸೇರಿ 1894ರಲ್ಲಿ ಪದವಿ ಪಡೆದರು. ಅದು ಯಾವ ಕಾಲ ಎಂಬುದು ನಮ್ಮವರಿಗೆ ಅಂದಾಜಾಗಲು ಒಂದು ಮಾತು ಹೇಳಬೇಕು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಇಲ್ಲಿಯ ಹುಡುಗರು ಇಂಜಿನಿಯರಿಂಗ್ ಓದಬೇಕೆಂದರೆ ಗಿಂಡಿಯ ಕಾಲೇಜಿಗೆ ಹೋಗಬೇಕಿತ್ತು. ಅದೇ ಗಿಂಡಿ ಕಾಲೇಜು ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1940ರ ಸುಮಾರಿಗೆ. ಎ. ಲಲಿತಾ ಅಲ್ಲಿಂದ ಎಲೆಕ್ಟ್ರಿಕಲ್ ಇಂಜಿನಿಯರ್ ಆಗಿ ಹೊರಬಂದರು; ಅವರ ಜೊತೆಗೇ ಸಿವಿಲ್ ಓದಿದ ಪಿ. ಕೆ. ತ್ರೇಸ್ಯಾ ಮುಂದೆ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಇಂಜಿನಿಯರ್ ಆದರು. ವಾಸ್ತುಶಿಲ್ಪದ ಮಾತಿಗೆ ಬಂದರೆ, ಮುಂಬೈಯ ಜೆ. ಜೆ. ಶಾಲೆಯಲ್ಲಿ ಪೆರಿನ್ ಮಿಸ್ತ್ರಿ ಓದು ಮುಗಿಸಿದ್ದು 1936ರಲ್ಲಿ.

ಬರ್ಕ್‌ಲಿಯಲ್ಲಿ ಜೂಲಿಯಾ ಅವರಿಗೆ ಸಿಕ್ಕಿದ ಗುರು ಬರ್ನಾರ್ಡ್ ಮೇಬೆಕ್. ವಿಶ್ವವಿದ್ಯಾಲಯದಲ್ಲಿ ರೇಖಾಚಿತ್ರ ಕಲಿಸುತ್ತಿದ್ದ ಅವರು, ವಾಸ್ತುಶಿಲ್ಪದಲ್ಲಿ ಆಸಕ್ತಿ ಇದ್ದ ವಿದ್ಯಾರ್ಥಿಗಳನ್ನು ಮನೆಗೇ ಕರೆದು ಪಾಠ ಹೇಳುತ್ತಿದ್ದರು. ಸ್ವತಃ ಪ್ಯಾರಿಸ್ಸಿನಲ್ಲಿ ಓದಿ ಬಂದಿದ್ದ ಮೇಬೆಕ್, ತಮ್ಮ ಈ ಶಿಷ್ಯೆ ಕೂಡ ಅಲ್ಲಿಗೇ ಹೋಗಬೇಕೆಂದು ಒತ್ತಾಯಿಸಿದರು. ಅಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಆದರೆ ಫ್ರಾನ್ಸಿನ ಕಲಾವಿದೆಯರು ಅದಕ್ಕಾಗಿ ವರ್ಷಗಟ್ಟಲೆ ಹೋರಾಡುತ್ತಿದ್ದರು, ಇಂದೋ ನಾಳೆಯೋ ಬಾಗಿಲು ತೆರೆಯುವ ಲಕ್ಷಣವಿತ್ತು. ಆ ನಂಬಿಕೆಯ ಮೇಲೆ ಜೂಲಿಯಾ 1896ರಲ್ಲಿ ಪ್ಯಾರಿಸ್ಸಿಗೆ ಹೊರಟರು. ಅಲ್ಲಿ ಮಾರ್ಸೆಲ್ ದ ಮೋಂಕ್ಲೋ ಎಂಬ ವಾಸ್ತುಶಿಲ್ಪಿಯ ಕಾರ್ಯಶಾಲೆಯಲ್ಲಿ ಅಭ್ಯಾಸ ಮಾಡುತ್ತಾ ಕಾದರು. 1897ರಲ್ಲಿ ಮಹಿಳೆಯರೂ ಪ್ರವೇಶ ಪರೀಕ್ಷೆಗೆ ಕೂರಬಹುದು ಎಂದಾಯಿತು.

ಆ ಪರೀಕ್ಷೆ ಸುಲಭದ್ದಾಗಿರಲಿಲ್ಲ. ಗಣಿತ, ಜ್ಯಾಮಿತಿ, ಇತಿಹಾಸ, ಚಿತ್ರ, ಮಣ್ಣಿನಲ್ಲಿ ಆಕೃತಿ ಮಾಡುವುದು, ಇವೆಲ್ಲದರ ಜೊತೆಗೆ ಒಂದು ಕಟ್ಟಡದ ವಿನ್ಯಾಸವನ್ನು ಕೋಣೆಯೊಳಗೆ ಒಬ್ಬರೇ ಕುಳಿತು ಒಂದೇ ದಿನದಲ್ಲಿ ಮಾಡಿ ಮುಗಿಸಬೇಕು. ಎಲ್ಲವೂ ಫ್ರೆಂಚ್ ಭಾಷೆಯಲ್ಲಿ, ಅಳತೆಗಳೆಲ್ಲ ಮೀಟರ್‌ನಲ್ಲಿ. ಮೊದಲ ಸಲ ಅವರು 42ನೇ ಸ್ಥಾನ ಪಡೆದರು. ಪ್ರವೇಶ ಮೊದಲ 30 ಮಂದಿಗೆ ಮಾತ್ರ. ಎರಡನೆಯ ಸಲ ಪರೀಕ್ಷಕರು ಬೇಕೆಂದೇ ಅಂಕ ಕಡಿತ ಮಾಡಿದರೆಂದೂ, ಹೆಣ್ಣುಮಕ್ಕಳಿಗೆ ಪ್ರೋತ್ಸಾಹ ಕೊಡುವುದು ಅವರಿಗೆ ಇಷ್ಟವಿರಲಿಲ್ಲವೆಂದೂ ಜೂಲಿಯಾ ಬಂಧುವೊಬ್ಬರಿಗೆ ಪತ್ರ ಬರೆದು ತಿಳಿಸಿದ್ದರು. ಮೂರನೆಯ ಸಲ, 1898ರಲ್ಲಿ, 13ನೇ ಸ್ಥಾನ ಬಂದಾಗ ಯಾರೂ ತಡೆಯುವಂತಿರಲಿಲ್ಲ. ಪ್ರವೇಶ ಸಿಕ್ಕ ಮೇಲೂ ಗಡಿಯಾರದ ಕಾಟ ಇತ್ತು. ಮೂವತ್ತು ವರ್ಷ ತುಂಬಿದವರು ಆ ಶಾಲೆಯಲ್ಲಿ ಮುಂದುವರಿಯುವ ಹಾಗಿರಲಿಲ್ಲ. ರೋಮ್ ಪ್ರಶಸ್ತಿ ಗೆದ್ದಿದ್ದ ಫ್ರಾಂಸ್ವಾ-ಬೆಂಜಮಿನ್ ಶೋಸ್ಮಿಶ್ ಅವರ ಕೈಕೆಳಗೆ, ಒಂದರ ಮೇಲೊಂದು ಸ್ಪರ್ಧೆಗಳಲ್ಲಿ ಅಂಕ ಗಳಿಸುತ್ತಾ, ಕೊನೆಯದಾಗಿ ಅರಮನೆಯೊಳಗಿನ ನಾಟಕಶಾಲೆಯೊಂದರ ವಿನ್ಯಾಸ ಮಾಡಿ, 1902ರ ಆರಂಭದಲ್ಲಿ ಅವರು ಪ್ರಮಾಣಪತ್ರ ಪಡೆದರು.

ತಿರುಗಿ ಬಂದ ಮೇಲೆ ಮೊದಲ ಕೆಲಸ ಜಾನ್ ಗೇಲನ್ ಹೋವರ್ಡ್ ಅವರ ಕಚೇರಿಯಲ್ಲಿ. ಬರ್ಕ್‌ಲಿ ವಿಶ್ವವಿದ್ಯಾಲಯದ ಆವರಣವನ್ನು ರೂಪಿಸುವ ಹೊಣೆ ಹೋವರ್ಡ್ ಅವರದಾಗಿತ್ತು. ಅಲ್ಲಿ ಜೂಲಿಯಾ ಗಣಿ ವಿಜ್ಞಾನದ ಕಟ್ಟಡಕ್ಕೂ ಬಯಲು ರಂಗಮಂದಿರಕ್ಕೂ ದುಡಿದರು. ತನ್ನ ಕಚೇರಿಯಲ್ಲಿ ಬಹಳ ಒಳ್ಳೆಯ ನಕ್ಷೆಗಾರ್ತಿ ಇದ್ದಾಳೆ, ಹೆಣ್ಣಾದ್ದರಿಂದ ಸಂಬಳ ಹೆಚ್ಚೇನೂ ಕೊಡಬೇಕಾಗಿಲ್ಲ ಎಂಬರ್ಥದಲ್ಲಿ ಹೋವರ್ಡ್ ಹೇಳಿಕೊಳ್ಳುತ್ತಿದ್ದರು ಎನ್ನುತ್ತಾರೆ. 1904ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಾಸ್ತುಶಿಲ್ಪಿಯ ಪರವಾನಗಿ ಪಡೆದ ಮೊದಲ ಮಹಿಳೆಯಾಗಿ ಜೂಲಿಯಾ ಸ್ವಂತ ಕಚೇರಿ ತೆರೆದರು.

ಅದೇ ವರ್ಷ ಓಕ್‌ಲ್ಯಾಂಡ್‌ನ ಮಿಲ್ಸ್ ಎಂಬ ಮಹಿಳಾ ಕಾಲೇಜಿನಲ್ಲಿ ಅವರು ಕಟ್ಟಿದ ಗಂಟೆಗೋಪುರ ನಿಂತಿತು. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಷಿಕಾಗೋದ 1893ರ ಮೇಳಕ್ಕಾಗಿ ಎರಕ ಹೊಯ್ದಿದ್ದ ಹತ್ತು ಗಂಟೆಗಳು ಕಾಲೇಜಿಗೆ ಬಂದಿದ್ದವು, ಅವನ್ನು ತೂಗುಹಾಕಲು ಜಾಗ ಬೇಕಿತ್ತು. ಜೂಲಿಯಾ 72 ಅಡಿ ಎತ್ತರದ ಗೋಪುರವನ್ನು ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನಲ್ಲಿ ವಿನ್ಯಾಸ ಮಾಡಿದರು. ಇಂದು ನಮ್ಮ ಹಳ್ಳಿಗಳಲ್ಲಿ ನೀರಿನ ಟ್ಯಾಂಕಿಗೂ ಇದೇ ವಿಧಾನ. ಆದರೆ ಆಗ ಅದು ಹೊಸದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅರ್ನೆಸ್ಟ್ ರಾನ್ಸಮ್ ಎಂಬವರು 1884ರಲ್ಲಿ ತಿರುಚಿದ ಸರಳಿಗೆ ಪೇಟೆಂಟ್ ಪಡೆದು, 1889ರಲ್ಲಿ ಉದ್ಯಾನವೊಂದರಲ್ಲಿ ಸಣ್ಣ ಸೇತುವೆಯನ್ನೂ ಕಟ್ಟಿ ತೋರಿಸಿದ್ದರು. ಆದರೂ ಬಹುಪಾಲು ಕಟ್ಟಡಗಾರರಿಗೆ ಇಟ್ಟಿಗೆ ಮತ್ತು ಮರದ ಮೇಲೆಯೇ ನಂಬಿಕೆ.

ಕಾಂಕ್ರೀಟಿಗೆ ಮೇಲಿನಿಂದ ಬೀಳುವ ದೊಡ್ಡ ಭಾರವನ್ನು ತಡೆಯುವ ಶಕ್ತಿಯಿದೆ. ಎಳೆತ ಬಂದರೆ ಮಾತ್ರ ಅದು ಬಿರುಕು ಬಿಡುತ್ತದೆ. ಎಳೆತವನ್ನು ತಡೆಯುವುದು ಕಬ್ಬಿಣ. ಬಿಸಿಲಿಗೆ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ, ಆದ್ದರಿಂದ ಒಂದನ್ನೊಂದು ಬಿಟ್ಟುಕೊಡುವುದಿಲ್ಲ. ಎತ್ತರದ ಗೋಪುರ ನಿಂತ ನೆಲ ಅಲುಗಾಡಿದಾಗ ಒಂದು ಪಕ್ಕದ ಗೋಡೆ ಒತ್ತಿಕೊಳ್ಳುತ್ತದೆ, ಎದುರು ಪಕ್ಕದ್ದು ಎಳೆದುಕೊಳ್ಳುತ್ತದೆ. ಮರುಕ್ಷಣವೇ ಅದು ತಿರುವುಮುರುವು. ಬರೀ ಇಟ್ಟಿಗೆ ಗಾರೆಯ ಗೋಡೆಗೆ ಆ ಎಳೆತ ತಡೆಯುವ ಶಕ್ತಿ ಇಲ್ಲ. 1906ರ ಏಪ್ರಿಲ್ 18ರ ಬೆಳಗಿನ ಜಾವ 7.9 ತೀವ್ರತೆಯ ಭೂಕಂಪ ಸ್ಯಾನ್ ಫ್ರಾನ್ಸಿಸ್ಕೋವನ್ನು ಅಲುಗಿಸಿ, ಹಿಂದೆಯೇ ಬೆಂಕಿ ಎದ್ದು, ಮೂರು ಸಾವಿರದಷ್ಟು ಜನ ಸತ್ತಾಗ ಮಿಲ್ಸ್ ಕಾಲೇಜಿನ ಗೋಪುರ ನಿಂತೇ ಇತ್ತು. ನಮ್ಮ ಕಲ್ಲುನಾಡಿನಲ್ಲಿ ಭೂಕಂಪದ ಭಯ ಕಡಿಮೆ. ಆದರೆ 1993ರಲ್ಲಿ ಗಡಿಯಾಚೆಯ ಕಿಲ್ಲಾರಿಯಲ್ಲಿ ಮಣ್ಣು ಮೆತ್ತಿದ ಕಲ್ಲಿನ ಗೋಡೆಗಳು ಮಲಗಿದ್ದವರ ಮೇಲೆ ಬಿದ್ದದ್ದನ್ನು ಉತ್ತರ ಕರ್ನಾಟಕದವರು ಮರೆಯಲಾರರು.

ಗೋಪುರ ಉಳಿದ ಸುದ್ದಿ ಹಬ್ಬಿತು. ಪರಿಣಾಮವಾಗಿ, ನಗರದ ದಿಬ್ಬದ ಮೇಲೆ ಇನ್ನೇನು ಪೂರ್ಣವಾಗಲಿದ್ದು ಬೆಂಕಿಗೆ ತುತ್ತಾಗಿದ್ದ ಫೇರ್‌ಮಾಂಟ್ ಹೋಟೆಲನ್ನು ಸರಿಪಡಿಸುವ ಕೆಲಸ ಜೂಲಿಯಾ ಅವರಿಗೆ ಬಂತು. ಬೆಂಕಿಯ ಕಾವಿಗೆ ಉಕ್ಕಿನ ಕಂಬಗಳು ಬಳುಕಿದ್ದವು, ಕೆಲವೆಡೆ ಮಹಡಿಗಳು ಜಗ್ಗಿದ್ದವು. ಅವರು ಹೋಟೆಲಿನ ಬಳಿಯೇ ಗುಡಿಸಲಿನಂಥ ಶೆಡ್ಡಿನಲ್ಲಿ ಕಚೇರಿ ಹೂಡಿ, ಭೂಕಂಪವಾಗಿ ವರ್ಷ ತುಂಬುವ ಹೊತ್ತಿಗೆ, 1907ರ ಏಪ್ರಿಲ್‌ನಲ್ಲಿ, ಹೋಟೆಲ್ ತೆರೆಯುವಂತೆ ಮಾಡಿದರು. ಆಗ ನೋಡಲು ಬಂದ ಪತ್ರಕರ್ತೆಯೊಬ್ಬರು ಒಳಾಂಗಣದ ಬಣ್ಣ ಮತ್ತು ಅಲಂಕಾರವನ್ನು ಹೊಗಳಲು ಹೊರಟರಂತೆ. ಅಲಂಕಾರ ಮಾಡಿದ್ದು ನ್ಯೂಯಾರ್ಕಿನ ಬೇರೊಂದು ಸಂಸ್ಥೆ, ತಾನು ಮಾಡಿದ್ದು ಕಟ್ಟಡದ ರಚನೆಯ ಕೆಲಸ ಎಂದು ಜೂಲಿಯಾ ಅವರಿಗೆ ತಿಳಿಸಬೇಕಾಯಿತು.

ಈ ಪ್ರಸಂಗ ನನಗೆ ಇಷ್ಟು ಹತ್ತಿರವಾಗಲು ಕಾರಣವಿದೆ. ಮನೆ ಕಟ್ಟಿಸುವವರು ನನ್ನೊಂದಿಗೆ ಮಾತಾಡುವಾಗ, "ಬಣ್ಣ, ಟೈಲ್ಸು, ಅಡುಗೆಮನೆ ನೀವೇ ನೋಡ್ರಿ ಮೇಡಂ, ಪಿಲ್ಲರಿಂದು ನಾವು ಮೇಸ್ತ್ರಿ ಹತ್ರ ಮಾತಾಡ್ತೀವಿ" ಎನ್ನುವುದುಂಟು. ಅವರು ಕೆಟ್ಟವರಲ್ಲ, ಗೌರವದಿಂದಲೇ ಹೇಳುತ್ತಾರೆ. ಆದರೆ ಕಟ್ಟಡದ ಪ್ರಾಣ ಇರುವುದು ಕಂಬದಲ್ಲಿ. ಕಾಂಕ್ರೀಟ್ ಸುರಿಯುವ ಮೊದಲು ನಾನು ಸೆಂಟ್ರಿಂಗ್ ಹಲಗೆಯ ಮೇಲೆ ಬಗ್ಗಿ ನೋಡುವುದು ಕವರ್ ಬ್ಲಾಕುಗಳನ್ನು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಸಿಮೆಂಟಿನ ಬಿಲ್ಲೆಗಳು ಅವು. ಸರಳುಗಳ ಕೆಳಗೆ ಅವನ್ನು ಇಟ್ಟರೆ ಕಬ್ಬಿಣ ಹಲಗೆಗೆ ತಾಗದೆ ಮೇಲಕ್ಕೆ ನಿಲ್ಲುತ್ತದೆ, ಕಾಂಕ್ರೀಟು ಅದರ ಸುತ್ತಲೂ ಇಳಿಯುತ್ತದೆ. ಇಡದೆ ಹೋದರೆ ಸರಳು ಅಡಿಯಲ್ಲೇ ಕುಳಿತುಬಿಡುತ್ತದೆ, ಕೆಲವು ಮಳೆಗಾಲಗಳಲ್ಲಿ ತುಕ್ಕು ಹಿಡಿದು ಉಬ್ಬುತ್ತದೆ, ಚಾವಣಿಯ ಚಕ್ಕೆ ಉದುರಿ ಕೆಂಪು ಕಬ್ಬಿಣ ಹೊರಗೆ ಕಾಣುತ್ತದೆ. ಕಾಂಕ್ರೀಟು ಬಿದ್ದ ಮೇಲೆ ಅದನ್ನು ಯಾರೂ ನೋಡಲಾಗದು. ನೋಡುವುದಿದ್ದರೆ ಮೊದಲೇ, ಅಲ್ಲೇ ನಿಂತು ನೋಡಬೇಕು. ಜೂಲಿಯಾ ಉದ್ದನೆಯ ಲಂಗದ ಒಳಗೆ ಪ್ಯಾಂಟ್ ತೊಟ್ಟು ಸಾರುವೆ ಹತ್ತುತ್ತಿದ್ದರೆಂದೂ, ಸರಿಯಿಲ್ಲದ ಕೆಲಸವನ್ನು ಕೆಡವಿಸಿ ಮತ್ತೆ ಮಾಡಿಸುತ್ತಿದ್ದರೆಂದೂ ಅವರೊಡನೆ ದುಡಿದವರು ನೆನೆಯುತ್ತಿದ್ದುದು ಈ ಕಾರಣಕ್ಕೇ ಇರಬೇಕು.

ಅವರ ಕಚೇರಿಗೆ ಕೆಲಸ ತಂದುಕೊಟ್ಟವರಲ್ಲಿ ಮಹಿಳಾ ಸಂಘಗಳದ್ದೇ ದೊಡ್ಡ ಪಾಲು. ಊರು ಬಿಟ್ಟು ದುಡಿಯಲು ಬರುವ ಹುಡುಗಿಯರಿಗೆ ವಸತಿಗೃಹ ನಡೆಸುತ್ತಿದ್ದ ವೈ.ಡಬ್ಲ್ಯು.ಸಿ.ಎ. ಸಂಸ್ಥೆಗಾಗಿ ಅವರು ಓಕ್‌ಲ್ಯಾಂಡ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಚೀನೀಯರ ಕೇರಿಯಲ್ಲಿ, ದೂರದ ಹೊನೊಲುಲುವಿನಲ್ಲಿ ಕಟ್ಟಡಗಳನ್ನು ಕಟ್ಟಿದರು. ಕಡಲತೀರದ ಪೆಸಿಫಿಕ್ ಗ್ರೋವ್‌ನಲ್ಲಿ 1913ರಿಂದ ಆರಂಭಿಸಿ 1928ರವರೆಗೆ ಕಟ್ಟಿದ ಅಸಿಲೊಮಾರ್ ಎಂಬ ಶಿಬಿರ ನನ್ನ ಮೆಚ್ಚಿನದು. ಅಲ್ಲಿ ಅಲಂಕಾರವಿಲ್ಲ, ಸ್ಥಳೀಯ ಕಲ್ಲು, ಬಣ್ಣ ಬಳಿಯದ ಮರ, ಪೈನ್ ಮರಗಳ ನಡುವೆ ಮರಳುದಿಬ್ಬಗಳ ಏರಿಳಿತಕ್ಕೆ ಹೊಂದಿಕೊಂಡು ನಿಂತ ತಗ್ಗಿನ ಕಟ್ಟಡಗಳು.

ಇಂಥ ಒಂದು ವಸತಿಗೃಹದಲ್ಲಿ ಜೂಲಿಯಾ ಸಣ್ಣ ಸಣ್ಣ ಊಟದ ಕೋಣೆಗಳನ್ನೂ ಪುಟ್ಟ ಅಡುಗೆಮನೆಗಳನ್ನೂ ನಕ್ಷೆಯಲ್ಲಿ ಸೇರಿಸಿದ್ದರು. ಹುಡುಗಿಯರು ಗೆಳತಿಯರನ್ನು ಕರೆದು ಮನೆಯಲ್ಲಿ ಬಡಿಸಿದಂತೆ ಬಡಿಸಲಿ ಎಂಬುದು ಅದರ ಉದ್ದೇಶ. ಇವರು ಕನಿಷ್ಠ ಕೂಲಿಯ ಹುಡುಗಿಯರು, ಇವರಿಗೆ ಇಷ್ಟೆಲ್ಲ ಯಾಕೆ ಎಂದು ಸಮಿತಿಯವರು ಆಕ್ಷೇಪಿಸಿದಾಗ, ಆ ಕಾರಣಕ್ಕಾಗಿಯೇ ಬೇಕು ಎಂದು ಅವರು ಉತ್ತರ ಕೊಟ್ಟರಂತೆ. ಬಳ್ಳಾರಿ, ಹೊಸಪೇಟೆ, ತೋರಣಗಲ್ಲಿನ ಸುತ್ತ ಈಗ ಎಷ್ಟೋ ಹುಡುಗಿಯರು ಹಾಸ್ಟೆಲ್ ಮತ್ತು ಪಿ.ಜಿ.ಗಳಲ್ಲಿದ್ದು ದುಡಿಯುತ್ತಾರೆ, ಓದುತ್ತಾರೆ. ಅವುಗಳಲ್ಲಿ ಹಲವು ಮಂಚಗಳ ಲೆಕ್ಕದಲ್ಲಿ ಕಟ್ಟಿದವು. ಊರಿನಿಂದ ಬಂದ ತಾಯಿಯನ್ನು ಕೂರಿಸಿ ಚಹಾ ಕೊಡಲು ಒಂದು ಮೂಲೆಯೂ ಇರುವುದಿಲ್ಲ. ವಸತಿಗೃಹದ ನಕ್ಷೆ ಬರೆಯುವಾಗ ಜೂಲಿಯಾ ಅವರ ಆ ಉತ್ತರ ನನ್ನ ಮನಸ್ಸಿನಲ್ಲಿರುತ್ತದೆ.

ಇನ್ನು ಹರ್ಸ್ಟ್ ಮನೆತನ. ಇದು ಬಳ್ಳಾರಿಯವರಿಗೆ ಬೇಗ ಅರ್ಥವಾಗುವ ಕಥೆ, ಏಕೆಂದರೆ ಅವರ ಸಂಪತ್ತೆಲ್ಲ ಗಣಿಯಿಂದ ಬಂದದ್ದು. ಜಾರ್ಜ್ ಹರ್ಸ್ಟ್ ಬೆಳ್ಳಿ, ಚಿನ್ನ, ತಾಮ್ರದ ಗಣಿಗಳಲ್ಲಿ ಅಪಾರ ಹಣ ಮಾಡಿದವರು. ಅವರು ತೀರಿಕೊಂಡ ಮೇಲೆ ಪತ್ನಿ ಫೀಬಿ ಹರ್ಸ್ಟ್ ಆ ಹಣದಲ್ಲಿ ಬಹುಪಾಲನ್ನು ಶಿಕ್ಷಣಕ್ಕೆ ಹರಿಸಿದರು. ಬರ್ಕ್‌ಲಿಯ ಗಣಿ ವಿಜ್ಞಾನದ ಕಟ್ಟಡ ಗಂಡನ ನೆನಪಿಗೆ ಅವರು ಕಟ್ಟಿಸಿದ್ದು. ಅಸಿಲೊಮಾರ್‌ಗೂ ಬೆಂಬಲ ಅವರದೇ. 1919ರಲ್ಲಿ ಫೀಬಿ ನಿಧನರಾದಾಗ ಆಸ್ತಿ ಮಗನ ಕೈಗೆ ಬಂತು, ಮಗ ಅದೇ ವರ್ಷ ಜೂಲಿಯಾ ಅವರ ಕಚೇರಿಗೆ ಬಂದು, ಸ್ಯಾನ್ ಸಿಮಿಯೋನ್ ಬೆಟ್ಟದ ಮೇಲೆ ಡೇರೆಯಲ್ಲಿ ಮಲಗಿ ಸಾಕಾಗಿದೆ, ಏನಾದರೂ ಕಟ್ಟಿಕೊಡಿ ಎಂದರು. ಆರಂಭವಾದ ಕೆಲಸ 1947ರವರೆಗೆ ನಡೆಯಿತು. ಕೊನೆಗೆ 165 ಕೋಣೆಗಳು, 127 ಎಕರೆಯಷ್ಟು ತೋಟ, ಮೆಟ್ಟಿಲುಗಳು, ಕೊಳಗಳು ಅಲ್ಲಿ ಎದ್ದು ನಿಂತವು.

ನೋಡುವವರಿಗೆ ಅದು ಸ್ಪೇನಿನ ಹಳೆಯ ಇಗರ್ಜಿಯಂತೆ ಕಾಣುತ್ತದೆ. ಒಳಗಿರುವುದು ಸರಳು ಹಾಕಿದ ಕಾಂಕ್ರೀಟು. ಹರ್ಸ್ಟ್ ಯುರೋಪಿನಿಂದ ತರಿಸಿದ ಹಳೆಯ ಮರದ ಚಾವಣಿಗಳು, ಕಲ್ಲಿನ ಚೌಕಟ್ಟುಗಳು, ಇವನ್ನೆಲ್ಲ ಹೊರುವಂತೆ ಹೊಸ ಗೋಡೆಗಳನ್ನು ಲೆಕ್ಕ ಹಾಕಿ ಎಬ್ಬಿಸಬೇಕಿತ್ತು. ಸಾಮಾನು ಕಡಲ ಮೇಲೆ ಹಡಗಿನಲ್ಲಿ ಬಂದು, ಅಲ್ಲಿಂದ ಬೆಟ್ಟದ ದಾರಿಯಲ್ಲಿ ಮೇಲೆ ಏರಬೇಕಿತ್ತು. ವಾರವಿಡೀ ಸ್ಯಾನ್ ಫ್ರಾನ್ಸಿಸ್ಕೋದ ಕಚೇರಿಯಲ್ಲಿ ದುಡಿದು, ವಾರಾಂತ್ಯ ಬಂತೆಂದರೆ ಜೂಲಿಯಾ ರಾತ್ರಿ ರೈಲು ಹಿಡಿದು ಸ್ಯಾನ್ ಲೂಯಿಸ್ ಒಬಿಸ್ಪೋದಲ್ಲಿ ಇಳಿದು, ಮುಂದಿನ ದಾರಿಯನ್ನು ಬಾಡಿಗೆ ಕಾರಿನಲ್ಲಿ ಹೋಗಿ, ಕೆಲಸ ನೋಡಿ ಮತ್ತೆ ರೈಲಿನಲ್ಲಿ ತಿರುಗುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆಯಿತು. ಮಾಲೀಕರ ಮನಸ್ಸು ಬದಲಾಗುತ್ತಲೇ ಇತ್ತು. ನೆಪ್ಚೂನ್ ಹೆಸರಿನ ಈಜುಕೊಳವನ್ನು ಮೂರು ಸಲ ಕಟ್ಟಬೇಕಾಯಿತು, ಪ್ರತಿ ಸಲವೂ ಹಿಂದಿನದಕ್ಕಿಂತ ದೊಡ್ಡದಾಗಿ. ಗಣಿ ಹಣ ತಾಯಿಯ ಕೈಯಲ್ಲಿದ್ದಾಗ ಕಾಲೇಜಾಯಿತು, ಮಗನ ಕೈಗೆ ಬಂದಾಗ ಅರಮನೆಯಾಯಿತು. ಸಂಡೂರಿನ ಬೆಟ್ಟಗಳ ಕೆಂಪು ಅದಿರು ಲಾರಿಗಳಲ್ಲಿ ಇಳಿದುಹೋಗುವುದನ್ನು ನೋಡುತ್ತಾ ಬೆಳೆದ ನಮಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ಅರಮನೆಯ ಕಾರಣಕ್ಕೆ ಜೂಲಿಯಾ ಅವರ ಮೇಲಿನ ನನ್ನ ಗೌರವ ಕಡಿಮೆಯಾಗಿಲ್ಲ. ಆದರೆ ಅವರ 700ಕ್ಕೂ ಹೆಚ್ಚು ಕಟ್ಟಡಗಳಲ್ಲಿ ಜನ ಇದೊಂದನ್ನೇ ನೋಡಿ ಬರುವುದು ನನಗೆ ಬೇಸರದ ಸಂಗತಿ.

ಅವರು ಕಚೇರಿಯಲ್ಲಿ ಹೆಣ್ಣುಮಕ್ಕಳಿಗೆ ನಕ್ಷೆ ಬರೆಯುವ ಕೆಲಸ ಕೊಟ್ಟು ತರಬೇತಿ ಮಾಡಿದರು, ಲಾಭ ಬಂದಾಗ ಕೆಲಸಗಾರರಿಗೂ ಹಂಚಿದರು. 1930ರ ದಶಕದಲ್ಲಿ ಕಿವಿಯ ಶಸ್ತ್ರಚಿಕಿತ್ಸೆಯಿಂದ ಮುಖದ ನರಕ್ಕೆ ಪೆಟ್ಟಾಗಿ, ದೇಹದ ಸಮತೋಲವೂ ತಪ್ಪಿತು. ಆದರೂ ಸೈಟಿಗೆ ಹೋಗುವುದನ್ನು ಬಿಡಲಿಲ್ಲ. ಪ್ರಚಾರ ಅವರಿಗೆ ಬೇಡವಾಗಿತ್ತು. 1951ರಲ್ಲಿ ಕಚೇರಿ ಮುಚ್ಚುವಾಗ ಕಾಗದಪತ್ರಗಳಲ್ಲಿ ಬಹಳಷ್ಟನ್ನು ನಾಶ ಮಾಡಿಸಿದರು. ಒಬ್ಬ ವೃತ್ತಿಪರಳಾಗಿ ನನಗೆ ಇದು ದುಃಖ ಕೊಡುವ ನಿರ್ಧಾರ. ಯಾವ ಕಂಬಕ್ಕೆ ಯಾವ ಲೆಕ್ಕ ಹಾಕಿದ್ದರು ಎಂಬುದನ್ನು ಓದಿ ಕಲಿಯುವ ಅವಕಾಶ ಮುಂದಿನವರಿಗೆ ತಪ್ಪಿತು. ಅದೃಷ್ಟಕ್ಕೆ ಹರ್ಸ್ಟ್ ಜೊತೆಗಿನ ಪತ್ರಗಳು, ತಂತಿ ಸಂದೇಶಗಳು, ಹಲವು ನಕ್ಷೆಗಳು ಉಳಿದು ಸ್ಯಾನ್ ಲೂಯಿಸ್ ಒಬಿಸ್ಪೋದ ವಿಶ್ವವಿದ್ಯಾಲಯದಲ್ಲಿವೆ.

ಜೂಲಿಯಾ 1957ರ ಫೆಬ್ರವರಿ 2ರಂದು ತೀರಿಕೊಂಡರು. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ತನ್ನ ಚಿನ್ನದ ಪದಕವನ್ನು ಅವರಿಗೆ ಕೊಟ್ಟದ್ದು 2014ರಲ್ಲಿ. ಆ ಪದಕ ಮಹಿಳೆಯೊಬ್ಬರಿಗೆ ಸಂದದ್ದು ಅದೇ ಮೊದಲು. ನಮ್ಮ ಕಡೆಯಿಂದ ಮಕ್ಕಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗುವ ತಂದೆತಾಯಂದಿರು ಈಗ ಬಹಳ. ಅವರೆಲ್ಲ ಬಸ್ಸಿನಲ್ಲಿ ಹರ್ಸ್ಟ್ ಅರಮನೆ ನೋಡಿ ಬರುತ್ತಾರೆ. ಅಂಥವರಿಗೆ ನನ್ನ ವಿನಂತಿ ಇಷ್ಟೇ: ಅಸಿಲೊಮಾರ್ ಈಗ ರಾಜ್ಯ ಸರ್ಕಾರದ ಉದ್ಯಾನ, ಅಲ್ಲಿ ಕೋಣೆ ಹಿಡಿದು ಒಂದು ರಾತ್ರಿ ಉಳಿಯಬಹುದು. ಓಕ್‌ಲ್ಯಾಂಡ್ ಕಡೆ ಹೋದರೆ ಮಿಲ್ಸ್ ಕಾಲೇಜಿನ ಆವರಣಕ್ಕೂ ಹೋಗಿ ಬನ್ನಿ. 2022ರಲ್ಲಿ ಆ ಕಾಲೇಜು ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಸೇರಿಹೋಗಿದೆ, ಗೋಪುರ ಮಾತ್ರ ಅಲ್ಲೇ ಇದೆ.